ಬೋಟೆಯಲ್ಲಿ ಬಾರದ ಸಾವು

ನನ್ನ ಗಂಡ ಲಾಂಬರ್ಟ್ ವೆನ್ನೆಮನ್ ಸತ್ತದ್ದು ನವೆಂಬರ್ ತಿಂಗಳ ಒಂದು ಬುಧವಾರ. ಊರಿಗೆ ಅದು ಗೊತ್ತಾದದ್ದು ವರ್ಷದ ಕೊನೆಯ ದಿನ. ನಡುವಿನ ಅಷ್ಟೂ ದಿನ ಹಾರ್ಸ್‌ಬೆಕ್ ಊರಿನ ಪಾಲಿಗೆ ಅವನು ಬದುಕೇ ಇದ್ದ. ಇದಕ್ಕೆ ಯಾರನ್ನು ಬೈಯಬೇಕು ಎಂದು ನನಗೆ ಈಗಲೂ ಗೊತ್ತಾಗಿಲ್ಲ. ಗೊತ್ತಾಗಿದ್ದರೆ ಇಷ್ಟು ಹೊತ್ತಿಗೆ ಬೈದು ಮುಗಿಸಿರುತ್ತಿದ್ದೆ. ಬೈಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ.

ನಮ್ಮೂರಿನ ದಿನಪತ್ರಿಕೆಯ ಹೆಸರು ‘ಹಾರ್ಸ್‌ಬೆಕರ್ ಬೋಟೆ’. ಬೋಟೆ ಎಂದರೆ ಓಲೆ ತರುವವನು. ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ, ಬೋಟೆ ಎಂದರೆ ಸಾಕು. ಸ್ಟ್ಯೂವೆ ಎಂಬ ಮನೆತನದವರು ೧೮೬೮ರಲ್ಲಿ ಒಂದು ಕೈಯಚ್ಚಿನ ಯಂತ್ರ ಇಟ್ಟುಕೊಂಡು ಶುರು ಮಾಡಿದ್ದು. ಕಂದು ಅಂಗಿಯ ನಾಜಿಗಳ ಕಾಲದಲ್ಲಿ ಬೋಟೆಯೂ ಅವರು ಹೇಳಿಕೊಟ್ಟದ್ದನ್ನೇ ಬರೆಯಿತು. ಅದನ್ನು ಮುಚ್ಚಿಟ್ಟು ಏನಾಗಬೇಕಾಗಿದೆ? ಯುದ್ಧದ ನಡುವೆ ಕಾಗದ ಇಲ್ಲ ಎಂದು ಅದೇ ಜನ ಅದರ ಬಾಗಿಲು ಹಾಕಿಸಿದರು. ಆಮೇಲೆ ಯುದ್ಧ ಗೆದ್ದ ಇಂಗ್ಲಿಷ್ ಸೈನ್ಯದವರ ಪರವಾನಗಿಗಾಗಿ ಕಾದು ಕಾದು, ೧೯೪೯ರಲ್ಲಿ ಮತ್ತೆ ಹೊರಗೆ ಬಂತು. ಆಗ ನಾನು ಅಕ್ಷರ ಕಲಿಯುವ ಹುಡುಗಿ. ಮೊದಲ ಸಂಚಿಕೆಯಲ್ಲಿ ರಾಜಕೀಯದ ಸುದ್ದಿಯೇ ಇರಲಿಲ್ಲ. ಪತ್ರಿಕೆ ಮುಚ್ಚಿದ್ದ ವರ್ಷಗಳಲ್ಲಿ ಸತ್ತ ಊರಿನವರ ಹೆಸರುಗಳನ್ನು ಮನೆ ಮನೆ ವಿಚಾರಿಸಿ, ಪುಟದ ತುಂಬ ಅಚ್ಚು ಹಾಕಿದ್ದರು. ನಮ್ಮಮ್ಮ ಅದರಲ್ಲಿ ತನ್ನ ತಮ್ಮನ ಹೆಸರನ್ನು ಬೆರಳಿಟ್ಟು ಓದಿ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಸತ್ತು ಆಗಲೇ ಆರು ವರ್ಷವಾಗಿತ್ತು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಂದಿನಿಂದ ಬೋಟೆಗೆ ಅದೊಂದು ವ್ರತವಾಯಿತು. ಹಾರ್ಸ್‌ಬೆಕ್‌ನಲ್ಲಿ ಯಾರೂ ಬೋಟೆಯಲ್ಲಿ ಹೆಸರು ಬಾರದೆ ಮಣ್ಣಿಗೆ ಹೋಗಬಾರದು. ಕೊಡುವವರಿದ್ದರೆ ಕಪ್ಪು ಚೌಕಟ್ಟಿನ ಜಾಹೀರಾತು, ಯಾರೂ ದಿಕ್ಕಿಲ್ಲದವರಿಗೆ ಪತ್ರಿಕೆಯದೇ ಮೂರು ಸಾಲು.

ಆ ಮೂರು ಸಾಲು ಬರೆಯುತ್ತಿದ್ದವನು ಲಾಂಬರ್ಟ್. ಹತ್ತೊಂಬತ್ತರ ವಯಸ್ಸಿನಲ್ಲಿ ಬೋಟೆಗೆ ಸೇರಿದ, ಕೂದಲು ಪೂರ್ತಿ ಉದುರುವವರೆಗೆ ಅಲ್ಲೇ ಇದ್ದ. ಊರಿನ ಪುಟ ಅವನದು. ಹಾಡುಗಾರರ ಸಂಘದ ವರ್ಷದ ಸಭೆ, ಬಂದೂಕು ಸಂಘದ ಉತ್ಸವ, ಅಗ್ನಿಶಾಮಕದವರ ಹೊಸ ಪಂಪು, ಮದುವೆಯಾಗಿ ಐವತ್ತು ವರ್ಷ ತುಂಬಿದ ಗಂಡಹೆಂಡಿರು. ಎಲ್ಲ ಕಡೆಗೂ ಕ್ಯಾಮೆರಾ ನೇತುಹಾಕಿಕೊಂಡು ಹೋಗಿ, ಎಲ್ಲರ ಮನೆಯ ಕೇಕು ತಿಂದು ಬರುತ್ತಿದ್ದ. ಹೊಟ್ಟೆ ಬಂದದ್ದು ಹಾಗೆ. ದಿಕ್ಕಿಲ್ಲದವರ ಮಣ್ಣಿಗೂ ಹೋಗುತ್ತಿದ್ದ. ಅದು ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ. ‘ಪತ್ರಿಕೆಯ ಕಡೆಯಿಂದ ಒಬ್ಬನಾದರೂ ಇರಬೇಕು ಟಿಲ್ಲಿ, ಇಲ್ಲದಿದ್ದರೆ ಪಾದ್ರಿ ಯಾರಿಗೆ ಹೇಳಬೇಕು ಪ್ರಾರ್ಥನೇನ?’ ಎನ್ನುತ್ತಿದ್ದ. ನನ್ನ ಹೆಸರು ಒಟ್ಟಿಲೀ, ಆಪ್ತರ ಬಾಯಲ್ಲಿ ಟಿಲ್ಲಿ. ಅವನ ಇನ್ನೊಂದು ಹಟ ಫೋಟೋಗಳದು. ಫೋಟೋದಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಹೆಸರು, ಎಡದಿಂದ ಬಲಕ್ಕೆ, ಕೆಳಗೆ ಬರಲೇಬೇಕು. ‘ಮತ್ತಿತರರು’ ಎಂದು ಬರೆದವನ ಕಿವಿ ಹಿಂಡುತ್ತಿದ್ದ.

ನಾನು ಅದೇ ಕಟ್ಟಡದ ಕೆಳಗೆ, ಕೌಂಟರಿನಲ್ಲಿ. ಸಾವಿನ ಜಾಹೀರಾತು ತೆಗೆದುಕೊಳ್ಳುವುದು ನನ್ನ ಕೆಲಸ. ಅಳುತ್ತ ಬಂದವರಿಗೆ ಕುರ್ಚಿ ಕೊಟ್ಟು, ಹೆಸರು, ದಿನ, ಊರು ಎಲ್ಲವನ್ನೂ ಎರಡೆರಡು ಸಲ ಕೇಳುತ್ತಿದ್ದೆ. ನನ್ನ ಕೈಯಲ್ಲಿ ಒಂದು ತಪ್ಪು ಹೋದದ್ದಿಲ್ಲ. ಜಂಬ ಎಂದುಕೊಳ್ಳುವವರು ಅಂದುಕೊಳ್ಳಲಿ.

ನಮ್ಮ ಕಡೆ ಸಾವನ್ನು ಫೋನ್ ಮಾಡಿ ಹೇಳುವ ರೂಢಿಯಿಲ್ಲ. ಶನಿವಾರದ ಬೋಟೆಯಲ್ಲಿ ಹಾಕಿಸಿದರೆ ಮುಗಿಯಿತು. ಹಾರ್ಸ್‌ಬೆಕ್‌ನ ಜನ ಬೋಟೆಯನ್ನು ಓದುವುದೇ ಹಿಂದಿನಿಂದ, ಸತ್ತವರ ಪುಟದಿಂದ. ಯಾವ ಸ್ಮಶಾನ, ಎಷ್ಟು ಗಂಟೆ, ಆಮೇಲೆ ಕಾಫಿ ಎಲ್ಲಿ, ಎಲ್ಲ ಅದರಲ್ಲೇ ಇರುತ್ತದೆ. ಕರಿ ಕೋಟು ಹಾಕಿಕೊಂಡು ಬರುತ್ತಾರೆ, ಅಷ್ಟೇ. ಫೋನ್ ಮಾಡಿ ಕರೆದರೆ ಅದು ಜನರನ್ನು ಬೇಡಿಕೊಂಡ ಹಾಗೆ.

ಆಮೇಲೆ ಬೋಟೆಗೆ ಸವೆತ ಹಿಡಿಯಿತು. ಮೊದಲು ದೇಶವಿದೇಶದ ಪುಟಗಳನ್ನು ದೊಡ್ಡ ಪಟ್ಟಣದ ಪತ್ರಿಕೆಯೊಂದರಿಂದ ಕೊಂಡು ತಂದರು. ಆಮೇಲೆ ಅಚ್ಚಿನ ಯಂತ್ರ ಹೋಯಿತು. ಆಮೇಲೆ ಸ್ಟ್ಯೂವೆ ಮನೆತನದ ಕೊನೆಯವನು ಪತ್ರಿಕೆಯನ್ನೇ ಆ ಪಟ್ಟಣದವರಿಗೆ ಮಾರಿ ಸ್ಪೇನಿಗೆ ಹೋಗಿ ಬಿಸಿಲು ಕಾಯಿಸತೊಡಗಿದ. ನನ್ನ ಕೌಂಟರು ಮುಚ್ಚಿತು, ಅಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಕೊನೆಗೆ ಊರಿನ ಪುಟವನ್ನೂ ಪಟ್ಟಣದಲ್ಲೇ ಕೂತು ಮಾಡತೊಡಗಿದರು. ಗುಡ್ಡದಾಚೆಯ ಆಲ್ಟೆನ್‌ಲೋ ಊರಿಗೊಂದು, ನಮಗೊಂದು, ಹೀಗೆ ಒಂದೇ ಹಿಟ್ಟಿನಿಂದ ಏಳು ರೊಟ್ಟಿ. ತಲೆಯ ಮೇಲಿನ ಹೆಸರು ಮಾತ್ರ ನಮ್ಮದು. ನಿವೃತ್ತನಾದ ಮೇಲೂ ಲಾಂಬರ್ಟ್ ಮದುವೆಯ ಐವತ್ತುಗಳಿಗೆ ಹೋಗಿ ಬರೆದು ಕಳಿಸುತ್ತಿದ್ದ. ಒಮ್ಮೊಮ್ಮೆ ಹಾಕುತ್ತಿದ್ದರು, ಒಮ್ಮೊಮ್ಮೆ ಇಲ್ಲ. ಹಾಕದ ದಿನ ಅವನೇ ಆ ಮುದುಕರ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನೀನ್ಯಾಕೆ ಕ್ಷಮೆ ಕೇಳ್ತೀಯ? ಆ ಪಟ್ಟಣದ ಪಂಡಿತರು ಬಂದು ಕೇಳ್ಲಿ,” ಎಂದೆ ಒಂದು ದಿನ.

“ಅವ್ರಿಗೆ ದಾರಿ ಗೊತ್ತಿಲ್ಲ ಕಣೇ,” ಎಂದ ಶೂ ಬಿಚ್ಚುತ್ತ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಗಿನ ಬೋಟೆಯ ಮಡಿಕೆ ಬಿಚ್ಚುವ ಹಕ್ಕು ಅವನದು. ನಾನು ಅದನ್ನು ಬಾಗಿಲ ಪೆಟ್ಟಿಗೆಯಿಂದ ತಂದು ಅವನ ತಟ್ಟೆಯ ಪಕ್ಕ ಇಡುತ್ತಿದ್ದೆ. ಅವನು ಬಿಚ್ಚಿ, ಮೂಗಿಗೆ ಹಿಡಿದು ಮಸಿಯ ವಾಸನೆ ನೋಡಿ, ಸತ್ತವರ ಪುಟವನ್ನು ನನ್ನ ಕಡೆ ತಳ್ಳುತ್ತಿದ್ದ. ಹಾಗೆಯೇ ನಮ್ಮ ಸಂಸಾರ ನಡೆಯಿತು. ಮಕ್ಕಳಿರಲಿಲ್ಲ.

ಕಾಯಿಲೆ ಬಂದಾಗ ಹಾರ್ಸ್‌ಬೆಕ್‌ನ ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆಲ್ಟೆನ್‌ಲೋದಲ್ಲಿ ಕೊನೆಗಾಲದವರನ್ನು ನೋಡಿಕೊಳ್ಳುವ ಒಂದು ಮನೆ ಇದೆ, ಅಲ್ಲಿಗೆ ಸೇರಿಸಿದೆ. ಯಾರಿಗೂ ಹೇಳಬೇಡ ಎಂದ. ಹಾಸಿಗೆಯಲ್ಲಿ ಮಲಗಿದ್ದಾಗ ಜನ ಬಂದು ಲೊಚಗುಟ್ಟುವುದು ಅವನಿಗೆ ಆಗದು. ಪಕ್ಕದ ಮನೆಯ ರೇಸಿಗೆ ಮಾತ್ರ ಗೊತ್ತಿತ್ತು. ಬಾಲ್ಯದ ಗೆಳತಿ, ಅವಳಿಂದ ಮುಚ್ಚಿಡುವುದು ಸಾಧ್ಯವೂ ಇಲ್ಲ. ಮಿಕ್ಕವರು ಕೇಳಿದರೆ ಕೆಮ್ಮು, ಚಳಿಗೆ ಹೊರಗೆ ಬರುತ್ತಿಲ್ಲ ಎನ್ನುತ್ತಿದ್ದೆ. “ಸತ್ತ ಮೇಲೆ ಬರ್ತಾರಲ್ಲ, ಆಗ ನೋಡ್ಲಿ,” ಎಂದು ಲಾಂಬರ್ಟ್ ನಕ್ಕ. “ಎಲ್ರ ಮನೆ ಕೇಕೂ ತಿಂದಿದೀನಿ. ನೀನು ಬೆಣ್ಣೆ ಕೇಕು ಧಾರಾಳವಾಗಿ ಮಾಡಿಸು. ಕಡಿಮೆ ಬಿದ್ರೆ ಊರು ಆಡ್ಕೊಳ್ಳತ್ತೆ.”

ಬುಧವಾರ ಬೆಳಿಗ್ಗೆ, ನಾನು ಅವನ ಕಾಲಿಗೆ ಕಾಲುಚೀಲ ಹಾಕುತ್ತಿದ್ದಾಗ ಹೋದ. ಒಂದು ಕಾಲಿಗೆ ಹಾಕಿಯಾಗಿತ್ತು. ಇನ್ನೊಂದನ್ನೂ ಹಾಕಿದೆ, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಶವಪೆಟ್ಟಿಗೆಯ ಅಂಗಡಿಯವನೂ ಆಲ್ಟೆನ್‌ಲೋದವನೇ. ಜಾಹೀರಾತನ್ನೂ ತಾನೇ ಕೊಡುತ್ತೇನೆ ಎಂದ. ನಾನು ಬೇಡ ಎಂದೆ. ಊರಿನ ಅರ್ಧಕ್ಕರ್ಧ ಜನರ ಸಾವನ್ನು ನನ್ನ ಕೈಯಿಂದ ಕಳಿಸಿದವಳು, ಗಂಡನದನ್ನು ಇನ್ನೊಬ್ಬನಿಗೆ ಬಿಡಲೇ? ಫೋನ್ ಮಾಡಿದೆ. ಈಗ ಅದೆಲ್ಲ ಎಲ್ಲೋ ದೂರದಲ್ಲಿ ಕೂತ ಹುಡುಗಿಯರು ಬರೆದುಕೊಳ್ಳುವುದು. ಹೆಸರು ಕೇಳಿದಳು, ದಿನ ಕೇಳಿದಳು, ಮರಣದ ಸ್ಥಳದ ಪಿನ್‌ಕೋಡ್ ಕೇಳಿದಳು. ಆಲ್ಟೆನ್‌ಲೋದ್ದು ಹೇಳಿದೆ. ನಿಜ ಹೇಳುವುದು ನನ್ನ ಅಭ್ಯಾಸ. ಸೋಮವಾರ ಹನ್ನೊಂದಕ್ಕೆ ಮಣ್ಣು, ಆಮೇಲೆ ಚರ್ಚಿನ ಸಭಾಂಗಣದಲ್ಲಿ ಕಾಫಿ. ಅವಳು ಎಲ್ಲವನ್ನೂ ಓದಿ ಹೇಳಿದಳು. ಒಂದು ತಪ್ಪೂ ಇರಲಿಲ್ಲ.

ಶನಿವಾರದ ಬೋಟೆ ಬಂತು. ತಂದು ಅವನ ತಟ್ಟೆಯ ಪಕ್ಕ ಇಟ್ಟೆ. ಬಿಚ್ಚಲಿಲ್ಲ. ಬಿಚ್ಚುವುದು ನನ್ನ ಕೆಲಸವಾಗಿರಲಿಲ್ಲ, ಕೈ ಏಳಲೂ ಇಲ್ಲ. ರೇಸಿ ಬೋಟೆ ತರಿಸುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅವಳೂ ನಾನೂ ಆ ಎರಡು ದಿನ ಅವಳ ಒಲೆಯ ಮುಂದೆ ನಿಂತು ತಟ್ಟೆ ತಟ್ಟೆ ಬೆಣ್ಣೆ ಕೇಕು ಬೇಯಿಸಿದೆವು. ಭಾನುವಾರ ಚರ್ಚಿನಲ್ಲಿ ಸತ್ತವರ ಹೆಸರು ಓದುತ್ತಾರೆ ನಿಜ, ಆದರೆ ಐದು ಊರಿಗೆ ಒಬ್ಬ ಪಾದ್ರಿ, ಆ ವಾರ ನಮ್ಮ ಚರ್ಚಿಗೆ ಸರದಿ ಇರಲಿಲ್ಲ.

ಸೋಮವಾರ ಸ್ಮಶಾನದ ಚಾಪೆಲಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ರೇಸಿ. ಹಿಂದೆ ಬಾಗಿಲು ತೆರೆದಿತ್ತು, ಗಾಳಿ ಬೀಸುತ್ತಿತ್ತು. ಹಿಂದೆ ತಿರುಗಿ ಎಷ್ಟು ಜನ ಎಂದು ನೋಡುವುದು ಒಳ್ಳೆಯ ಹೆಂಗಸಿನ ಲಕ್ಷಣವಲ್ಲ, ನಾನು ನೋಡಲಿಲ್ಲ. ಹಾಡುಗಾರರ ಸಂಘದವರು ಮೇಲಿನ ಅಟ್ಟದಲ್ಲಿ ಸದ್ದಿಲ್ಲದೆ ನಿಂತಿರಬೇಕು ಅಂದುಕೊಂಡೆ. ಪಾದ್ರಿ ಗಡಿಯಾರ ನೋಡಿದರು. ಶವಪೆಟ್ಟಿಗೆಯವನು ಬಂದು ಬಗ್ಗಿ ಪಿಸುಗುಟ್ಟಿದ.

“ಶುರು ಮಾಡೋಣ್ವಾ ಅಮ್ಮ? ಪಾದ್ರಿಗಳಿಗೆ ಮಧ್ಯಾಹ್ನ ಇನ್ನೊಂದು ಊರಲ್ಲಿದೆ.”

“ಜನ ಬಂದು ಕೂತ್ಕೊಳ್ಲಿ, ತಡೀರಿ,” ಎಂದೆ.

ಅವನು ಬಾಗಿಲ ಕಡೆ ನೋಡಿದ. ರೇಸಿ ನನ್ನ ಕೈ ಹಿಡಿದುಕೊಂಡಳು. ಆಗ ನಾನು ತಿರುಗಿ ನೋಡಿದೆ. ಖಾಲಿ ಬೆಂಚುಗಳು. ಕೊನೆಯಲ್ಲಿ ಹೆಣ ಹೊರುವ ನಾಲ್ವರು ಬಾಡಿಗೆಯವರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಷ್ಟೇ.

ಊರಿನ ಪ್ರತಿಯೊಬ್ಬನ ಹುಟ್ಟು, ಮದುವೆ, ಸಾವು ಬರೆದವನ ಮಣ್ಣಿಗೆ ಊರಿನಿಂದ ಒಂದು ನರಪಿಳ್ಳೆ ಇಲ್ಲ. ದಿಕ್ಕಿಲ್ಲದವರ ಜೊತೆ ನಿಂತವನಿಗೆ ಪತ್ರಿಕೆಯ ಕಡೆಯಿಂದ ಒಬ್ಬನೂ ಇಲ್ಲ. ನನಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಪೆಟ್ಟಿಗೆಯೊಳಗೆ ಮಲಗಿದವನಿಗೆ ಇದು ಗೊತ್ತಾಗದಿರಲಿ ಎಂದು, ದೇವರೇ, ಆ ಪ್ರಾರ್ಥನೆಯೊಂದನ್ನೇ ನಾನು ಅಂದು ಮಾಡಿದ್ದು.

ಸಭಾಂಗಣದಲ್ಲಿ ಉದ್ದಕ್ಕೂ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಬಟ್ಟಲು ಬೋರಲು ಹಾಕಿಟ್ಟಿದ್ದೆವು. ಹೆಣ ಹೊತ್ತವರನ್ನು ರೇಸಿ ಕರೆದು ಕೂರಿಸಿದಳು. ಪಾಪ, ಅವರು ಸಂಕೋಚಪಟ್ಟುಕೊಂಡು ಎರಡೆರಡು ತುಂಡು ತಿಂದು ಹೋದರು. ಮಿಕ್ಕದ್ದನ್ನು ರೇಸಿ ಕಾಗದದಲ್ಲಿ ಸುತ್ತಿ ಸುತ್ತಿ ತನ್ನ ನೆಲಮನೆಯ ಫ್ರೀಜರಿಗೆ ತುಂಬಿದಳು. ನಾನು ಬೋರಲು ಬಟ್ಟಲುಗಳನ್ನು ತೊಳೆದೆ. ಬಳಸದಿದ್ದವನ್ನೂ ತೊಳೆದೆ.

ಮನೆಗೆ ಬಂದು, ಕೋಟೂ ಬಿಚ್ಚದೆ, ಶನಿವಾರದ ಬೋಟೆಯನ್ನು ಬಿಚ್ಚಿದೆ. ಸತ್ತವರ ಪುಟದಲ್ಲಿ ಮೂರು ಹೆಸರುಗಳಿದ್ದವು. ನನ್ನ ಲಾಂಬರ್ಟ್ ಅಲ್ಲಿರಲಿಲ್ಲ.

ಮರುದಿನ ಫೋನ್ ಮಾಡಿದಾಗ ಬೇರೊಬ್ಬಳು ಸಿಕ್ಕಳು. ಕಂಪ್ಯೂಟರು ನೋಡಿ ಹೇಳಿದಳು.

“ಬಂದಿದೆ ಮೇಡಂ. ಆಲ್ಟೆನ್‌ಲೋ ಆವೃತ್ತಿಲಿ ಬಂದಿದೆ, ಚೆನ್ನಾಗೇ ಬಂದಿದೆ. ಮರಣದ ಸ್ಥಳದ ಪಿನ್‌ಕೋಡ್ ಯಾವ್ದೋ ಆ ಊರಿನ ಪತ್ರಿಕೆಗೆ ಹೋಗತ್ತೆ.”

“ಆಲ್ಟೆನ್‌ಲೋದವ್ರಿಗೆ ನನ್ನ ಗಂಡ ಯಾರಮ್ಮ?”

“ನಿಮ್ಮ ದುಃಖ ಅರ್ಥ ಆಗತ್ತೆ ಮೇಡಂ. ಈ ಶನಿವಾರ ಹಾರ್ಸ್‌ಬೆಕ್ ಆವೃತ್ತಿಲಿ ಇನ್ನೊಂದ್ಸಲ ಉಚಿತವಾಗಿ ಹಾಕಿಕೊಡ್ತೀವಿ. ಹಾಕ್ಲಾ?”

“ಯಾತಕ್ಕೆ? ಖಾಲಿ ಕುರ್ಚಿ ನೋಡಕ್ಕೆ ಬನ್ನಿ ಅಂತ ಕರೀಲಾ?” ಎಂದು ಫೋನ್ ಕುಕ್ಕಿದೆ. ಆ ಹುಡುಗಿಯ ತಪ್ಪೇನಿತ್ತು? ಆದರೂ ಕುಕ್ಕಿದೆ.

ಅದೇ ವಾರ ಡಿರ್ಕಿಂಗ್ ಅವರ ಬೇಕರಿಗೆ ಹೋದೆ. ಊರಿನವರಿಗೆಲ್ಲ ಬಾಯಿಗೆ ಬಂದದ್ದನ್ನು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಬೇಕರಿಯ ಯಜಮಾನಿ ಫ್ರೌ ಡಿರ್ಕಿಂಗ್ ಕೌಂಟರಿನ ಹಿಂದೆ ನಿಂತು ನಗುತ್ತ ಬನ್ನು ಕಟ್ಟುತ್ತಿದ್ದಳು.

“ನಿಮ್ಮನೇವ್ರ ಕೆಮ್ಮು ಹೇಗಿದೆ ಫ್ರೌ ವೆನ್ನೆಮನ್? ಹೊರಗೇ ಕಾಣ್ತಿಲ್ಲ,” ಎಂದಳು. “ನಮ್ಮದು ಮದುವೆಯಾಗಿ ಐವತ್ತು ಬರತ್ತೆ ಜನವರಿಲಿ. ಕ್ಯಾಮೆರಾ ತಗೊಂಡು ಬರಕ್ಕೆ ಹೇಳಿ. ಅವ್ರು ಬರ್ದೆ ಇದ್ರೆ ನಮ್ಮನೆಯವ್ರು ಕೋಟು ಹಾಕ್ಕೊಳಲ್ವಂತೆ. ನನ್ನ ನಮಸ್ಕಾರ ಹೇಳಿ ಅವ್ರಿಗೆ.”

ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಅವಳ ಬಾಯಲ್ಲಿ ಅವನು ಕೆಮ್ಮುತ್ತ ಮನೆಯಲ್ಲಿ ಕೂತಿದ್ದ, ಕ್ಯಾಮೆರಾ ಒರೆಸುತ್ತಿದ್ದ, ಜನವರಿಯಲ್ಲಿ ಅವನಿಗೆ ಕೆಲಸ ಇತ್ತು. ಅಷ್ಟು ಜೀವಂತವಾಗಿ ಅವನು ನನ್ನ ತಲೆಯಲ್ಲೂ ಇರಲಿಲ್ಲ.

“ಹೇಳ್ತೀನಿ,” ಎಂದೆ.

ಬನ್ನಿನ ಪೊಟ್ಟಣ ಹಿಡಿದು ನೆಟ್ಟಗೆ ಸ್ಮಶಾನಕ್ಕೆ ಹೋದೆ. ಚಳಿಗಾಲ ಬಿದ್ದ ಮೇಲೆ ಅತ್ತ ಯಾರೂ ಸುಳಿಯುವುದಿಲ್ಲ. ಒದ್ದೆ ಮಣ್ಣಿನ ಮುಂದೆ ನಿಂತು, “ಡಿರ್ಕಿಂಗ್ ಹೆಂಡ್ತಿ ನಮಸ್ಕಾರ ಹೇಳಿದಾಳೆ. ಜನವರಿಲಿ ಬರ್ಬೇಕಂತೆ,” ಎಂದು ಹೇಳಿದೆ. ಹೇಳುತ್ತೇನೆ ಎಂದ ಮೇಲೆ ಹೇಳಲೇಬೇಕಲ್ಲ.

ಅಲ್ಲಿಂದ ಅದೊಂದು ಚಟವಾಯಿತು. ಔಷಧದಂಗಡಿಯವನು ಕೇಳಿದ, ಅಂಚೆಯವಳು ಕೇಳಿದಳು, ಹಾಡುಗಾರರ ಸಂಘದ ಬೆರ್ನ್‌ಹಾರ್ಡ್ ರಸ್ತೆ ದಾಟಿ ಬಂದು, “ನಿನ್ನ ಗಂಡ ಇಲ್ದೆ ನಮ್ಮ ಸುದ್ದಿ ಬರೆಯೋರೇ ಇಲ್ಲ ಟಿಲ್ಲಿ, ಕ್ರಿಸ್‌ಮಸ್ ಹಾಡಿಗಾದ್ರೂ ಎಬ್ಬಿಸ್ಕೊಂಡು ಬಾ,” ಎಂದ. ಎಲ್ಲರಿಗೂ ಹೇಳ್ತೀನಿ ಎಂದೆ. ಎಲ್ಲವನ್ನೂ ಹೋಗಿ ಹೇಳಿದೆ. ದಿನಾ ಬೆಳಿಗ್ಗೆ ಬೇಕೋ ಬೇಡವೋ ಒಂದು ಸಾಮಾನಿನ ನೆಪ ಮಾಡಿಕೊಂಡು ಪೇಟೆಗೆ ಹೋಗುತ್ತಿದ್ದೆ, ಅವನ ಹೆಸರು ಕೇಳಿಸಿಕೊಳ್ಳುವುದಕ್ಕೆ. ಬೋಟೆಗಳನ್ನು ಬಿಚ್ಚದೆ ಅವನ ಕುರ್ಚಿಯ ಮೇಲೆ ಪೇರಿಸಿಟ್ಟೆ.

ರೇಸಿಗೆ ಒಂದು ದಿನ ತಡೆಯಲಾಗಲಿಲ್ಲ.

“ಏನೇ ಇದು ನಿನ್ನ ಆಟ? ಔಷಧದಂಗಡಿಯವ್ನು ನನ್ನ ಹತ್ರ ಲಾಂಬರ್ಟ್ ಕೆಮ್ಮಿಗೆ ಕಷಾಯ ಕೊಟ್ಟು ಕಳಿಸ್ದ. ನಾನೇನು ಮಾಡ್ಲಿ ಅದನ್ನ? ನನ್ನ ತಲೆ ಮೇಲೆ ಸುರ್ಕೊಳ್ಲಾ?”

“ಕೊಡು ಇಲ್ಲಿ.”

“ಟಿಲ್ಲಿ, ಅವನು ಸತ್ತಿದಾನೆ ಕಣೇ.”

“ನಿನಗೆ ನನಗೆ ಸತ್ತಿದಾನೆ. ಅವ್ರಿಗಿಲ್ಲ. ಮಣ್ಣಿಗೆ ಬರ್ದೆ ಇದ್ದೋರು ಅವನನ್ನ ಬದುಕಿಸಿಕೊಂಡಾದ್ರೂ ಇರ್ಲಿ. ನಿನ್ನ ಗಂಟೇನು ಹೋಗತ್ತೆ?”

ಅವಳು ಕಷಾಯದ ಶೀಸೆಯನ್ನು ಮೇಜಿನ ಮೇಲಿಟ್ಟು, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು ಹೋದಳು. ಯಾರಿಗೂ ಬಾಯಿ ಬಿಡಲಿಲ್ಲ. ಅದಕ್ಕೇ ಅವಳು ರೇಸಿ.

ಕ್ರಿಸ್‌ಮಸ್ ಹತ್ತಿರ ಬಂದಾಗ ಅವಳೇ ಓಡುತ್ತ ಬಂದಳು. ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರಂತೆ. ವರ್ಷದ ಕೊನೆಯ ದಿನ ಹಾರ್ಸ್‌ಬೆಕರ್ ಬೋಟೆಯ ಕೊನೆಯ ಸಂಚಿಕೆ. ಆಮೇಲೆ ಹೆಸರೂ ಇಲ್ಲ. ಇಲ್ಲಿ ಓದುವವರು ಕಡಿಮೆ, ಹಂಚುವ ಖರ್ಚು ಹೆಚ್ಚು. ನಾನು ಕುರ್ಚಿಯ ಮೇಲಿನ ಬೋಟೆಗಳ ರಾಶಿಯನ್ನು ನೋಡಿದೆ. ಅದರೊಳಗೆ ಎಲ್ಲೋ ಈ ಸುದ್ದಿ ಆಗಲೇ ಬಂದು ಮಡಿಸಿಕೊಂಡು ಬಿದ್ದಿರಬೇಕು.

“ಮುಚ್ಲಿ. ಸತ್ತು ಎಷ್ಟೋ ವರ್ಷ ಆಗಿತ್ತು ಅದು,” ಎಂದೆ.

“ಅದಲ್ಲ ಕಣೇ ನಾನು ಹೇಳ್ತಿರೋದು.” ರೇಸಿ ಲಾಂಬರ್ಟನ ಕುರ್ಚಿಯ ಬೆನ್ನು ಹಿಡಿದು ನಿಂತಳು. “ಇದಾದ್ಮೇಲೆ ಅವನ ಹೆಸರು ಎಲ್ಲಿ ಹಾಕಿಸ್ತೀಯ? ಯಾರೂ ದಿಕ್ಕಿಲ್ಲದ ಕುಡುಕ ಹೈನ್ನನಿಗೂ ಮೂರು ಸಾಲು ಬರೆದೋನು ಅವನು. ನಮ್ಮೂರಲ್ಲಿ ಬೋಟೆಲಿ ಹೆಸರು ಬರ್ದೆ ಮಣ್ಣಾದೋನು ಅವನೊಬ್ನೇ ಆಗ್ಬೇಕಾ?”

ನಾನು ಅವಳನ್ನು ಬೈದು ಕಳಿಸಿದೆ. ನಿನ್ನ ಉಪದೇಶ ನಿನ್ನ ಮೊಮ್ಮಕ್ಕಳಿಗೆ ಹೇಳು ಎಂದೆ. ಬಾಗಿಲು ಹಾಕಿ ಬಂದು, ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಹಾಕಿಸಿದರೆ ಅವನು ಊರಿಗೂ ಸಾಯುತ್ತಾನೆ. ಮತ್ತೆ ಯಾರೂ ಅವನಿಗೆ ನಮಸ್ಕಾರ ಹೇಳಿ ಕಳಿಸುವುದಿಲ್ಲ. ಹಾಕಿಸದಿದ್ದರೆ ಅವನು ಜೀವಮಾನವಿಡೀ ಯಾರಿಗೂ ಆಗಗೊಡದ ಅನ್ಯಾಯವನ್ನು ನಾನೇ ಅವನಿಗೆ ಮಾಡಿದ ಹಾಗೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕಳೆದುಕೊಳ್ಳುವವಳು ನಾನೇ. ಸಂಜೆಯವರೆಗೆ ಕೂತೆ. ಆಮೇಲೆ ಎದ್ದು ಫೋನ್ ಮಾಡಿದೆ.

ಹೆಸರು ಹೇಳಿದೆ. ದಿನ ಹೇಳಿದೆ. ಹುಡುಗಿ ಕೇಳಿದಳು, “ಮರಣದ ಸ್ಥಳ, ಪಿನ್‌ಕೋಡ್?”

“ಹಾರ್ಸ್‌ಬೆಕ್,” ಎಂದೆ. “ಅವರು ಹಾರ್ಸ್‌ಬೆಕ್‌ನಲ್ಲೇ ಸತ್ತದ್ದು.”

ಬೋಟೆಯ ಕೊನೆಯ ಸಂಚಿಕೆಯಲ್ಲಿ ಒಂದು ಸುಳ್ಳಿದೆ, ಅದು ಇದು. ಲಾಂಬರ್ಟ್ ನನ್ನ ಕಿವಿ ಹಿಂಡಲಿ, ಬೇಕಾದರೆ.

ಆ ದಿನ ಬೋಟೆಯನ್ನು ಪೆಟ್ಟಿಗೆಯಿಂದ ತಂದು ಅವನ ತಟ್ಟೆಯ ಪಕ್ಕ ಇಟ್ಟು, ಸ್ವಲ್ಪ ಹೊತ್ತು ಕಾದು, ಮಡಿಕೆಯನ್ನು ನಾನೇ ಬಿಚ್ಚಿದೆ. ಒಳಗಿನಿಂದ ಬಣ್ಣದ ಪುರವಣಿಯೊಂದು ಜಾರಿ ಬಿತ್ತು, ‘ನಮ್ಮ ಬೋಟೆಯ ಚರಿತ್ರೆ’ ಎಂದು. ಪಟ್ಟಣದಲ್ಲಿ ಕೂತವರು ಮಾಡಿದ್ದು. ಕೈಯಚ್ಚಿನ ಯಂತ್ರ ಇತ್ತು, ೧೯೪೯ರ ಮೊದಲ ಪುಟ ಇತ್ತು, ಮಂತ್ರಿಗಳ ಹಾರೈಕೆ ಇತ್ತು. ಯಾವುದರ ಹಾರೈಕೆಯೋ ಕಾಣೆ. ನಡುಪುಟದಲ್ಲಿ ನಮ್ಮ ಹಳೆಯ ಕಟ್ಟಡದ ಮುಂದೆ ತೆಗೆದ ಫೋಟೋ. ಮಾಲೀಕ ಸ್ಟ್ಯೂವೆ, ಅಚ್ಚುಮೊಳೆ ಜೋಡಿಸುವ ಮುದುಕ, ಅವರ ಪಕ್ಕದಲ್ಲಿ ತಲೆತುಂಬ ಕೂದಲಿದ್ದ ನನ್ನ ಹುಡುಗ, ಕ್ಯಾಮೆರಾ ಕೊರಳಲ್ಲಿ. ಕೆಳಗೆ ಹೆಸರುಗಳು ಎಡದಿಂದ ಬಲಕ್ಕೆ. ‘ಮೂರನೆಯವರು, ಹೆಸರು ತಿಳಿದಿಲ್ಲ’ ಎಂದಿತ್ತು.

ನಾನು ಆ ಪುಟವನ್ನು ಹರಿಯಲಿಲ್ಲ. ಹರಿದರೆ ಅವನೂ ಹರಿಯುತ್ತಿದ್ದ. ಪೆನ್ನು ತಂದು, ಆ ಸಾಲಿನ ಮೇಲೆ ಅವನ ಹೆಸರು ಬರೆದೆ. ಆಮೇಲೆ ಹಿಂದಿನ ಪುಟ ತೆಗೆದೆ. ಅಲ್ಲಿದ್ದ. ಕಪ್ಪು ಚೌಕಟ್ಟಿನೊಳಗೆ, ನಾನು ಹೇಳಿದ ಹಾಗೆಯೇ. ‘ಲಾಂಬರ್ಟ್ ವೆನ್ನೆಮನ್, ಬೋಟೆಯ ವರದಿಗಾರ. ಹಾರ್ಸ್‌ಬೆಕ್‌ನಲ್ಲಿ ಹುಟ್ಟಿ ಹಾರ್ಸ್‌ಬೆಕ್‌ನಲ್ಲಿ ನವೆಂಬರ್ ತಿಂಗಳಲ್ಲಿ ತೀರಿಕೊಂಡರು. ಮಣ್ಣು ಮಾಡಿಯಾಗಿದೆ. ಹೆಂಡತಿ ಒಟ್ಟಿಲೀ.’ ನಮ್ಮಮ್ಮ ಮಾಡಿದ ಹಾಗೆ ಬೆರಳಿಟ್ಟು ಓದಿದೆ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು. ತಡೆಯುವವರು ಯಾರೂ ಇರಲಿಲ್ಲ, ಅತ್ತೆ.

ಮೊದಲು ಬಾಗಿಲು ತಟ್ಟಿದವಳು ಫ್ರೌ ಡಿರ್ಕಿಂಗ್. ಬೇಕರಿಯ ಏಪ್ರನ್ನಿನಲ್ಲೇ ಬಂದಿದ್ದಳು, ಕೈಯಲ್ಲಿ ಬೋಟೆ. ಮುಖ ಬಿಳಿಚಿತ್ತು.

“ನವೆಂಬರ್ ಅಂತಿದೆ,” ಎಂದಳು. “ನವೆಂಬರ್ ಅಂತ ಬರೆದಿದೆ ಫ್ರೌ ವೆನ್ನೆಮನ್. ಮತ್ತೆ ನೀವು ದಿನಾ ಹೇಳ್ತೀನಿ, ಹೇಳ್ತೀನಿ ಅಂತಿದ್ರಲ್ಲ.”

“ಹೇಳಿದೆ,” ಎಂದೆ. “ದಿನಾ ಹೋಗಿ ಹೇಳಿದೆ.”

ಅವಳಿಗೆ ಅರ್ಥವಾಯಿತು. ಹೊಸ್ತಿಲಲ್ಲೇ ನನ್ನನ್ನು ಅಪ್ಪಿಕೊಂಡಳು. ಅವಳ ಮೈಯೆಲ್ಲ ಹಿಟ್ಟಿನ ವಾಸನೆ. ‘ನಮಗೆ ಗೊತ್ತಿರ್ಲಿಲ್ಲ, ಬೋಟೆಲಿ ಬಂದಿರ್ಲಿಲ್ಲ, ಬಂದಿದ್ರೆ ಬರ್ತಿದ್ವಲ್ಲ’ ಎಂದು ಅದನ್ನೇ ಹೇಳಿಕೊಂಡು ಅತ್ತಳು. ಅವಳ ಹಿಂದೆಯೇ ಬೆರ್ನ್‌ಹಾರ್ಡ್ ಬಂದ, ಔಷಧದಂಗಡಿಯವನು ಬಂದ, ಅಂಚೆಯವಳು ಬಂದಳು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಕರಿ ಕೋಟುಗಳ ಸಾಲು. ಕೂರಲು ಕುರ್ಚಿ ಸಾಲದೆ ಮುದುಕರು ನಮ್ಮ ಮಂಚದ ಮೇಲೆ ಕೂತರು. ಒಬ್ಬೊಬ್ಬರೂ ಅದನ್ನೇ ಹೇಳಿದರು, ಬೋಟೆಯಲ್ಲಿ ಬಂದಿರಲಿಲ್ಲ ಎಂದು. ಬೈಯಬೇಕು ಎಂದು ಕಾದಿಟ್ಟುಕೊಂಡವಳು ನಾನು, ಒಬ್ಬರನ್ನೂ ಬೈಯಲಾಗಲಿಲ್ಲ. ಬೋಟೆಯನ್ನು ಹಾಗೆ ನಂಬಿ ಎಂದು ಅವರಿಗೆ ಕಲಿಸಿದವನು ನನ್ನ ಗಂಡನೇ.

ರೇಸಿ ಹೇಳದೆ ಕೇಳದೆ ಹೋಗಿ ಫ್ರೀಜರಿನಿಂದ ಬೆಣ್ಣೆ ಕೇಕನ್ನೆಲ್ಲ ತಂದು ಒಲೆಯಲ್ಲಿ ಬಿಸಿ ಮಾಡಿದಳು. ಹೆಪ್ಪುಗಟ್ಟಿದ್ದರಿಂದ ಅಂಚು ಗಟ್ಟಿಯಾಗಿತ್ತು, ನಡುವೆ ಇನ್ನೂ ತಣ್ಣಗಿತ್ತು. ಎಲ್ಲರೂ ತಿಂದರು. ಬೆರ್ನ್‌ಹಾರ್ಡ್ ಎರಡನೇ ತುಂಡು ಕೇಳಿದ. ಕೇಕು ಕಡಿಮೆ ಬೀಳಲಿಲ್ಲ, ಅದನ್ನು ಮಾರನೆಯ ದಿನ ಹೋಗಿ ಲಾಂಬರ್ಟನಿಗೆ ಹೇಳಿದೆ.

ಹೊಸ ವರ್ಷದ ರಜೆ ಕಳೆದ ಬೆಳಿಗ್ಗೆ ಬಾಗಿಲ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೂ ಕೈ ಹಾಕಿ ತಡವಿದೆ. ಆಮೇಲೆ ಕೋಟು ಹಾಕಿಕೊಂಡು ಬೇಕರಿಗೆ ಹೋದೆ. ಒಳಗೆ ನಾಲ್ಕಾರು ಜನ ಮಾತಾಡುತ್ತಿದ್ದವರು ನನ್ನನ್ನು ಕಂಡು ಸುಮ್ಮನಾಗಿ ದಾರಿ ಬಿಟ್ಟರು. ಫ್ರೌ ಡಿರ್ಕಿಂಗ್ ನನ್ನ ಬನ್ನುಗಳನ್ನು ಎಂದಿಗಿಂತ ಜೋಪಾನವಾಗಿ ಕಟ್ಟಿ, ಕೌಂಟರಿನಿಂದ ಈಚೆ ಬಂದು ನನ್ನ ಕೈಗೇ ಕೊಟ್ಟಳು. ಚಳಿ ಜೋರಾಗಿದೆ, ಹುಷಾರಾಗಿ ಹೋಗಿ ಎಂದಳು. ನಾನು ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಅಭ್ಯಾಸ ನೋಡಿ, ಕಿವಿ ಇನ್ನೂ ಕಾಯುತ್ತಿತ್ತು. 

ಅಂದು ಯಾರೂ ಲಾಂಬರ್ಟನಿಗೆ ನಮಸ್ಕಾರ ಹೇಳಿ ಕಳಿಸಲಿಲ್ಲ.